ಮೇಟಿ ಎತ್ತು

ಬರಗೂರು ದಾಟಿ ಎಡಕ್ಕೆ ಹೊರಳಿದ ಮೇಲೆ
ಟಾರು ಮುಗಿಯುತ್ತದೆ,
ಯಾರೋ ಅರ್ಧ ಮಾತಾಡಿ ಎದ್ದುಹೋದ ಹಾಗೆ.
ಮುಂದೆ ಮಣ್ಣು, ಮಣ್ಣೊಳಗೆ ಬಂಡೆ,
ಬಂಡೆಯ ಮೇಲೆ ನಿನ್ನೆ ರಾತ್ರಿಯ ನೀರು.

ಹಿಂದೆ ತೊಟ್ಟಿಯಲ್ಲಿ ಹೋರಿ. ಕೆಂದು ಮೈ, ಅಲ್ಲಲ್ಲಿ ಬಿಳಿ ಚೆಲ್ಲಿದ ಮಚ್ಚೆ.
ಹಗ್ಗ ಹಿಡಿದು ನಿಂತವನು ಜವನಯ್ಯ.
ಅಂತಿಯೂರಿನ ದನದ ಡಾಕ್ಟರು ಗೊರಸಿಗೆ ಸುತ್ತಿದ ಬಟ್ಟೆ
ಇನ್ನೂ ಬಿಳಿಯಾಗೇ ಇದೆ.
ಬಲಗಾಲು ಊರಲಾರದು ಹೋರಿ,
ಭಾರವೆಲ್ಲ ಎಡಕ್ಕೆ.

ಹಾಗಾಗಿ ಮೂರನೇ ಹಳ್ಳದಲ್ಲಿ
ಬಲದ ಹಿಂಗಾಲಿ ನೆಲ ಬಿಟ್ಟೆದ್ದು ಸುತ್ತತೊಡಗಿತು.
ಎಡದ್ದು ಕೆಸರು ಕಚ್ಚಿ ತೆಪ್ಪಗೆ ನಿಂತಿದೆ.
ಇಂಜಿನ್ನು ಅರಚಿದಷ್ಟೂ
ಸುತ್ತುವುದೇ ಸುತ್ತುತ್ತದೆ.

ಜವನಯ್ಯ ಬಗ್ಗಿ ನೋಡಿದ.
‘ಇದ್ಯಾವ ನ್ಯಾಯ್ವಪ್ಪ ರಾಚ,
ನೆಲ ಹಿಡ್ದೋನ್ಗೆ ಕೂಲಿ ಇಲ್ಲ,
ಗಾಳೀಲಿ ಕುಣಿಯೋನ್ಗೆ ಪೂರಾ ಕೂಲಿ?’

ಕಣ ನೆನಪು ಮಾಡಿಕೊ ಅಂದೆ.
ರಾಗಿ ತುಳಿಸುವಾಗ ಮೇಟಿಗೆ ಒತ್ತಿದ ಎತ್ತು
ನಿಂತಲ್ಲೇ ಕಾಲೆತ್ತಿಡುತ್ತದೆ, ಮುದಿಯದು;
ಅಂಚಿನ ಹೋರಿಗರು ಓಡಬೇಕು.
ಹಗ್ಗ ಒಂದೇ, ದಾರಿ ಬೇರೆ ಬೇರೆ.
ಹಿಂದಿನ ಅಚ್ಚಿನ ನಡುವೆ, ಕುಂಬಳಕಾಯಿಯಷ್ಟು ಹೌಸಿಂಗಿನೊಳಗೆ
ಎಣ್ಣೆಯಲ್ಲಿ ಮುಳುಗಿದ ಹಲ್ಲುಚಕ್ರಗಳು
ಇದೇ ಲೆಕ್ಕ ಇಡುತ್ತವೆ ಪ್ರತಿ ತಿರುವಿಗೂ:
ಒಳಗಾಲಿಗೆ ಕಮ್ಮಿ, ಹೊರಗಾಲಿಗೆ ಜಾಸ್ತಿ,
ಹೋಗುವವನನ್ನು ಹೋಗಗೊಡುವುದು.
ಆ ಒಳ್ಳೆಯತನವೇ ಈಗ ನಮ್ಮನ್ನು ಹೂತದ್ದು.

‘ಹಂಗಾದ್ರೆ ಎರಡ್ನೂ ಸೇರ್ಸಿ ಕಟ್ಟು’ ಅಂದ.

ಅದಕ್ಕೇ ಇದೆ ಒಂದು ಗುಂಡಿ.
ಕುಪ್ಪಣ್ಣ ತನ್ನ ಗ್ಯಾರೇಜಿನಲ್ಲಿ ಸೀಮೆಎಣ್ಣೆಯಿಂದ ಕೈ ತೊಳೆಯುತ್ತ
ತಮಿಳಿನಲ್ಲಿ ಹೇಳಿದ್ದ:
ಹೂತ ಮೇಲೆ ಒತ್ತುವವನು ಮೂರ್ಖ, ಹೂಳುವ ಮುಂಚೆ ಒತ್ತು ತಂಬಿ.
ಗಾಲಿ ಸುತ್ತುತ್ತಿರುವಾಗ ಮಾತ್ರ ಬೇಡ,
ಹಲ್ಲು ಮುರಿದು ನನ್ನ ಬಾಗಿಲಿಗೇ ಬರುತ್ತೀಯ.
ಬಾ, ನನಗೇನು, ಮಗಳ ಮದುವೆ ಇದೆ.

ನಾನು ಮೂರ್ಖ. ಹೂತ ಮೇಲೆ ಒತ್ತಿದೆ.
ಆದರೆ ಮೊದಲು ಕಾಲು ತೆಗೆದೆ,
ಗಾಲಿ ತಾನಾಗಿ ನಿಲ್ಲಲಿ ಅಂತ ಕಾದೆ.
ಹಳ್ಳದ ಸದ್ದು ಕೇಳಿಸಿತು ಆಗ, ಹೋರಿಯ ಉಸಿರೂ.
ಹಳದಿ ದೀಪ ಮಿಟುಕುತ್ತದೆ.
ಮಿಟುಕಿದರೆ ಇನ್ನೂ ಕೂಡಿಲ್ಲ ಅಂತ.
ಕ್ಲಚ್ಚನ್ನು ಒಂದು ಕೂದಲೆಳೆ ಬಿಟ್ಟೆ,

ಟಕ್.

ದೀಪ ನೆಟ್ಟಗೆ ನಿಂತಿತು.
ಗಾಳಿಯಲ್ಲಿದ್ದವನೂ ನೆಲ ಕಚ್ಚಿದವನೂ
ಒಂದೇ ಅಚ್ಚಾಗಿ ಒಂದೇ ಸುತ್ತು.
ಗಾಡಿ ಗರ್ಭದ ಹಸುವಿನ ಹಾಗೆ ಎದ್ದಿತು,
ಮೊದಲು ಹಿಂಭಾಗ, ಆಮೇಲೆ ಮಿಕ್ಕದ್ದು.
ಕೆಸರು ಬಾಯಿಬಿಟ್ಟಿತು. ಬಂಡೆ ಹತ್ತಿದೆವು.
ಸ್ಟೇರಿಂಗು ಮಾತ್ರ ಬಾಗಲೊಲ್ಲದು, ಮುಖ ನೆಟ್ಟಗೆ,
ಪಣ ತೊಟ್ಟವರ ಹಾಗೆ.

ಊರೊಳಗೆ ಹೊಸ ಸಿಮೆಂಟು ರಸ್ತೆ,
ಹಸಿಯಿದ್ದಾಗ ನಡೆದ ನಾಯಿಯೊಂದರ ಹೆಜ್ಜೆ ಅದರಲ್ಲಿ ಕಲ್ಲಾಗಿದೆ.
ಶಾಲೆಯ ಮೂಲೆಗೆ ತಿರುಗಿಸಿದೆ.
ಒಳಗಾಲಿ ಕಿರ್ರೆಂದಿತು, ಅಚ್ಚು ನರಳಿತು,
ಕಿಟಕಿಯಲ್ಲಿ ಇಪ್ಪತ್ತು ಮಕ್ಕಳ ತಲೆ.
‘ಮೇಟಿ ಎತ್ತ ಯಾಕ್ಲಾ ಎಳ್ದಾಡೀಯೆ?’

ಮರೆತಿದ್ದೆ. ಗುಂಡಿ ಒತ್ತಿದೆ,
ದೀಪ ಆರಲಿಲ್ಲ. ಹಲ್ಲಿಗೆ ಹಲ್ಲು ಬಿಗಿದುಕೊಂಡಿದೆ.
ಮತ್ತೆ ಒತ್ತಿದೆ.
ಜವನಯ್ಯನಿಗೆ ದೀಪ ಕಾಣದು, ಆದರೂ ಅಂದ:
‘ನೊಗ ಬಿಚ್ಚೋವಾಗ್ಲೂ ಒಂದೆಜ್ಜೆ ಹಿಂದ್ಕೆ ಬುಡ್ಬೇಕು ಮೊಗ,
ಬಿಗಿ ಇದ್ರೆ ಗಂಟು ಬಿಚ್ಚದಾ?’
ಒಂದು ಗೇಣು ಹಿಂದಕ್ಕೆ, ನೇರವಾಗಿ.
ಆರಿತು.

ಹೋರಿ ಮೂರು ಕಾಲಲ್ಲಿ ಇಳಿಯಿತು.
ಸೊಂಟದ ಚೀಲದಿಂದ ನೋಟು ಎಣಿಸಿ ಕೊಟ್ಟ,
ಐವತ್ತು ಕಮ್ಮಿ.
ಕೇಳಿದರೆ ಬಲದ ಗಾಲಿ ಕಡೆ ಗಲ್ಲ ಎತ್ತಿ ತೋರಿಸಿದ:
‘ಕುಣ್ದೋನ ಕೂಲಿ. ಮುರ್ಕೊಂಡಿವ್ನಿ.’