ಯಾವಾಗಿಂದ

ಕೋಲಾರದ ಬಸ್ಸಿಳಿದು ಚಿಂತಾಮಣಿಯ ಬಿಸಿಲಲ್ಲಿ
ನಡೆದೇ ಬಂದರು ಇನ್ಶೂರೆನ್ಸಿನ ಸರ್ವೆಯರು.
ಚಪ್ಪಲಿ ಬಾಗಿಲಾಚೆ ಬಿಟ್ಟು, ತಲೆಯೆತ್ತಿ,
ಕೇಳಿದ್ದು ಒಂದೇ ಮಾತು:
ಯಾವಾಗಿಂದ?

ಹದಿನಾಲ್ಕು ರವಿಕೆ ಸಾರ್, ಮದುವೆಯವು, ಒಂದೇ ರಾತ್ರಿ.
ಹನ್ನೊಂದಕ್ಕೆ ಆರಿ ಕೆಲಸ ಮುಗಿದು ಹುಕ್ಕಷ್ಟೇ ಬಾಕಿಯಿತ್ತು.
ಬೆಳಿಗ್ಗೆ ಷಟರ್ ಎತ್ತಿದರೆ
ಗಿಳಿಹಸಿರಿನ ಬೆನ್ನ ಮೇಲೆ ಟೀ ಚೆಲ್ಲಿದ ಬಣ್ಣ,
ಅರಿಶಿನಕ್ಕೆ ಪಕ್ಕದ ಕೆಂಪು ಹತ್ತಿ,
ಕೆಂಪಿಗೆ ಸರಳಿನ ತುಕ್ಕು ಹತ್ತಿ.

ಮಾಲೀಕರು ಪಿಳ್ಳವೆಂಕಟಪ್ಪ ಅನ್ನುತ್ತಾರೆ:
ತಾರಸಿ ನನ್ನದು, ತೂತು ನನ್ನದಲ್ಲ.
ಮೇಲಿನವರು ಸೋಲಾರು ಕೂರಿಸುವಾಗ
ಡ್ರಿಲ್ಲು ಹಾಕಿದ್ದನ್ನು ಕಣ್ಣಾರೆ ಕಂಡೆ.
(ಕಂಡವರು ಸುಮ್ಮನೆ ಯಾಕಿದ್ದಿರಿ? ಕೇಳಲಿಲ್ಲ.
ಎರಡು ತಿಂಗಳ ಬಾಡಿಗೆ ನನ್ನ ಕಡೆಯಿಂದ ಬಾಕಿ.)
ಮೇಲಿನವರು: ಅದು ಕಂಪನಿಯ ಹುಡುಗನ ಕೆಲಸ.
ಕಂಪನಿ ಫೋನಿನಲ್ಲಿ ವೀಣೆ ನುಡಿಸುತ್ತದೆ.
ಚೌಡರೆಡ್ಡಿಯವರ ಸೊಸೆ ಮಾತ್ರ ನೇರ ಬಂದಳು:
ಬಟ್ಟೆ ಕೊಟ್ಟಿದ್ದು ನಿನ್ನ ಕೈಗೆ ಗಂಗರತ್ನಮ್ಮ,
ತೂತಿನ ಕೈಗಲ್ಲ.

ಪಾಲಿಸಿ ಇದೆ. ಯಂತ್ರದ ಸಾಲ ಕೊಡುವಾಗ
ಬ್ಯಾಂಕಿನವರೇ ಕಟ್ಟಿಸಿಕೊಂಡದ್ದು.
ಬೆಂಕಿ ಉಂಟು, ಸಿಡಿಲುಂಟು, ಗಲಭೆ ಉಂಟು,
ವಿಮಾನ ಬಿದ್ದರೂ ಉಂಟು.
ಡಬಲ್ ರೋಡಿನ ಮೇಲೆ ವಿಮಾನ ಬಿದ್ದರೆ
ನಾನು ಗೆದ್ದೆ.

ಸರ್ವೆಯರು ಹೇಳಿದರು ಮೆಲ್ಲಗೆ:
ಒಂದೇ ಮಳೆಗೆ ಒಡೆದು ಸುರಿದಿದ್ದರೆ ಬರೆಯಬಹುದಮ್ಮ,
ಜಿನುಗಿ ಜಿನುಗಿ ಆದದ್ದಕ್ಕೆ ಬರೋದಿಲ್ಲ.
ಹೇಳುತ್ತಲೇ ಟಾರ್ಚು ಬಿಟ್ಟರು ಮೇಲಕ್ಕೆ.

ನಾನು ಹೊಲಿಗೆಯವಳು, ಅಳತೆ ಬರೆದಿಡದೆ ನಿದ್ದೆ ಬರದು.
ಹೋದ ವರ್ಷ ಸ್ವಾತಿಗೆ ಆ ಕಲೆ ರೂಪಾಯಿಯಷ್ಟು:
ಸ್ಟೂಲು ಹತ್ತಿ ನೀಲಿ ಚಾಕಿನಲ್ಲಿ ಸುತ್ತು ಎಳೆದು
ಪಕ್ಕದಲ್ಲೇ ತಾರೀಕು.
ಈ ಭರಣಿಗೆ ತಟ್ಟೆಯಷ್ಟು. ಹುಬ್ಬೆಗೆ ಮೊರದಗಲ.
ಪ್ರತಿ ಸಲ ಮಾಲೀಕರನ್ನು ಕರೆದು ತೋರಿಸಿದೆ,
ಪ್ರತಿ ಸಲ ಅವರು, "ಚೂಸ್ತಾಂ ಲೇಮ್ಮಾ."
ಅವರ ಮೇಲೆ ಸಾಕ್ಷಿ ಇರಲೆಂದು ಬರೆದದ್ದು
ಈಗ ಟಾರ್ಚಿನ ಬೆಳಕಲ್ಲಿ ನನ್ನ ಕಡೆಗೇ ತಿರುಗಿ ನಿಂತಿತು.

ಟಾರ್ಚು ಆರಿತು.
"ಒಂದು ಟೀ ಕುಡಿದು ಬರ್ತೀನಮ್ಮ. ಹತ್ತು ನಿಮಿಷ.
ಫೋಟೋ ಆಮೇಲೆ."
ಮೂಲೆಯ ಬಕೆಟ್ಟಿನಲ್ಲಿ ಒದ್ದೆ ಬಟ್ಟೆ.
ಇಬ್ಬರೂ ನೋಡಿದೆವು ಅದನ್ನು,
ನೋಡಿಲ್ಲವೆಂಬಂತೆ ಇಬ್ಬರೂ.

ಸ್ಟೂಲು ಹತ್ತಿದೆ.
ಚಾಕು ಅಳಿಸುವುದು ಏನು ಕಷ್ಟ, ಉಗುರಿಗೇ ಬರುತ್ತದೆ.
ಅಳಿಸಿದರೆ ಪಿಳ್ಳವೆಂಕಟಪ್ಪನವರ ಮುಂದೆ ಸೋತೆ,
ಉಳಿಸಿದರೆ ಇವರ ಮುಂದೆ.
ಎತ್ತಿದ ಕೈಯ ಗುಂಟ ಒಂದು ಹನಿ
ಮೊಣಕೈವರೆಗೂ ಇಳಿಯಿತು, ತಣ್ಣಗೆ,
ಮಳೆ ನಿಂತು ಮೂರು ದಿನವಾದ ಮೇಲೂ.

ಅವರು ಮರಳಿದಾಗ ನಾನು ಕೆಳಗಿದ್ದೆ,
ಗಿಳಿಹಸಿರಿನ ಬೆನ್ನು ಬಿಚ್ಚುತ್ತಾ.
ಕತ್ತೆತ್ತಿ ನೋಡಿದರು. ಬಹಳ ಹೊತ್ತು ನೋಡಿದರು.
ನಾಲ್ಕನೆಯ ಸುತ್ತು, ಇವತ್ತಿನ ತಾರೀಕು,
ನೀಲಿ ಇನ್ನೂ ಹಸಿ.
ಪೆನ್ನಿನ ಮುಚ್ಚಳ ತೆಗೆಯುವ ಸದ್ದಾಯಿತು.

ನಾನು ತಲೆ ಎತ್ತಲಿಲ್ಲ.
ಬಿಚ್ಚಿದ್ದು ಒಂದು,
ಇನ್ನು ಹದಿಮೂರು.