ಒಂದು ಕಡತ ತೆಗೆಯಲಾಗಿದೆ

ಹಗಲು ನಾನು ಬೆಳ್ಳಿ ಕೂರಿಸುವವನು.
ಸತುವಿನ ಹೂಜಿಯ ಮೈಗೆ ಉಳಿಯಿಂದ ಗೀರು ಕೊರೆದು
ತಂತಿಯನ್ನು ಗೀರಿನೊಳಗೆ ಬಡಿದು ಮಲಗಿಸಿ
ಕೋಟೆಯ ಮಣ್ಣು ಕುದಿಸಿದ ನೀರಿನಲ್ಲಿ ಅದ್ದಿ
ಮಿಕ್ಕದ್ದೆಲ್ಲ ಕಪ್ಪಾಗುವ ತನಕ ಕಾಯುವವನು.
ರಾತ್ರಿ, ಊಟ ಮುಗಿದ ಮೇಲೆ,
ಬೆಳ್ಳಿ ಕೀಳುವವನು.

ಹೂಜಿಯದಲ್ಲ, ಟಪಾಲಿನದು.
ಹಳೆ ಬಾವಿಗಳ ಲೆಕ್ಕ ಇಡುವ ನಲವತ್ಮೂರು ಮಂದಿ ನಾವು,
ಭಾಲ್ಕಿ, ಔರಾದ, ಚಿಟಗುಪ್ಪ, ಹುಮನಾಬಾದ.
ಒಬ್ಬರು ಬರೆದ ಇಮೇಲು ಬೀದರಿನ ಈ ಓಣಿಗೆ ಬಂದು
ನನ್ನ ಕೈ ದಾಟಿ
ಉಳಿದವರ ಮನೆಗೆ ಹೋಗಬೇಕು.

ವೈಜಿನಾಥರಾವ್ ಬರೆಯುವುದು ನೇರಳೆ ಅಕ್ಷರದಲ್ಲಿ.
ಹಿಂದೆ ತಾವರೆಯ ಕೊಳ, ಕೆಳಗೆ ಕುಣಿಯುವ ದೀಪ,
ನಡುವೆಲ್ಲೋ ಒಂದು ಸಾಲು:
ನೀರು ಹದಿನಾಲ್ಕು ಗಜ ಕೆಳಗೆ.
ಕೊಳ ತೆಗೆದೆ. ದೀಪ ಆರಿಸಿದೆ. ನೇರಳೆ ತೊಳೆದೆ.
ಹದಿನಾಲ್ಕು ಗಜ ಉಳಿಯಿತು.
ಮರುದಿನ ಫೋನು: "ಏನಪಾ ಮೈನೂ,
ನನ್ನ ಪತ್ರಕ್ಕ ಕ್ಷೌರ ಮಾಡಿ ಕಳಸೀದಿ?"

ಕಾಶಮ್ಮನ ಪತ್ರಕ್ಕೆ ಇನ್ನೂ ಕಷ್ಟ.
ಹಳೆ ಫಾಂಟಿನಲ್ಲಿ ಟೈಪು ಮಾಡುತ್ತಾಳೆ, ಮಗಳ ಕಂಪ್ಯೂಟರಿನಲ್ಲಿ.
ಅಂಗಿ ಬಿಚ್ಚಲು ಹೋದರೆ ಚರ್ಮವೇ ಬಂತು:
ಬಾವಿ ಅಂದದ್ದು ¨Á« ಆಗಿ ಬಿತ್ತು,
ಹಲ್ಲು ಉದುರಿದ ಬಾಯಿಯ ಹಾಗೆ.
ಕೂತು, ಊಹಿಸಿ, ಒಂದೊಂದೇ ಅಕ್ಷರ ಮತ್ತೆ ಬರೆದೆ.

ಯಾಕಿಷ್ಟು ಹಟ ಅಂದರೆ
ಔರಾದದ ಧೂಳಪ್ಪ ಮಾಸ್ತರರಿಗೆ ಕಣ್ಣಿಲ್ಲ.
ಫೋನೇ ಪತ್ರ ಓದಿ ಹೇಳುತ್ತದೆ ಅವರಿಗೆ.
ತಾವರೆ ಬಂದರೆ ಚಿತ್ರ, ಚಿತ್ರ, ಚಿತ್ರ ಎಂದು ತೊದಲುತ್ತದೆ,
ನೀರಿನ ಸುದ್ದಿ ಬರುವಷ್ಟರಲ್ಲಿ ಚಾ ಆರಿರುತ್ತದೆ.
ಮೇಲಾಗಿ, ಗಂಟು ಕಟ್ಟಿ ಕಳಿಸಿದ ಕಡತದೊಳಗೆ
ಹಾವಿದೆಯೋ ಹಗ್ಗವಿದೆಯೋ ಯಾರಿಗೆ ಗೊತ್ತು?
ಬಿಲ್ಲು ಎಂದು ಬಂದದ್ದನ್ನು ಬಿಚ್ಚಿ
ಬಂಡೆಪ್ಪನ ಯಂತ್ರ ಎರಡು ವಾರ ಮಲಗಿತ್ತು.
ಹಾಗಾಗಿ ಒಂದೇ ಕಾನೂನು: ಬರೀ ಅಕ್ಷರ. ಗಂಟು ಬೇಡ.

ಆಮೇಲೆ ಜರೀನಾ ಬರೆದಳು, ನೌಬಾದಿನಿಂದ:
"ಸುರಂಗ ಬಾವಿ, ಮೂರನೇ ಕಿಂಡಿಯ ಕೆಳಗೆ. ಜೊತೆಗಿದೆ ನೋಡಿ."
ಅಷ್ಟೇ.
ಜೊತೆಗಿದ್ದದ್ದನ್ನು ಯಂತ್ರ ಕತ್ತರಿಸಿ
ಆ ಜಾಗದಲ್ಲಿ ತನ್ನ ಮಾತು ಇಟ್ಟಿತು:
ಒಂದು ಕಡತ ತೆಗೆಯಲಾಗಿದೆ.

ನಲವತ್ತೊಂದು ಜನ ಸುಮ್ಮನಿದ್ದರು.
ಮಾಸ್ತರರು ಮಾತ್ರ ಕೇಳಿದರು, ಒಂದೇ ಸಾಲು:
"ತೆಗೆದದ್ದು ಬಣ್ಣವೋ, ನೀರೋ?"

ಬೆಳ್ಳಿ ಬಿದ್ದುಹೋದ ಹಳೆಯ ತಟ್ಟೆಗಳು ಬರುತ್ತವೆ ಅಂಗಡಿಗೆ.
ಬಳ್ಳಿ ಇರುವುದಿಲ್ಲ, ಗೀರು ಇರುತ್ತದೆ,
ಬೆರಳಾಡಿಸಿದರೆ ಎಲೆ ಎಷ್ಟಿದ್ದವು ಹೇಳಬಹುದು.
ಆ ಸಾಲಿನ ಮೇಲೆ ಬೆರಳಾಡಿಸಿದೆ.
ಗಾಜು. ನುಣ್ಣಗಿತ್ತು.

ಕಸದ ಬುಟ್ಟಿ ಕೆದಕಿ ಕಡತ ಹುಡುಕಿದೆ.
ಎರಡು ನಿಮಿಷ ಹನ್ನೊಂದು ಸೆಕೆಂಡು, ಬರೀ ಸಪ್ಪಳ:
ಕತ್ತಲೆಯೊಳಗೆ ಒಂದು ಹನಿ. ತಡೆದು ಇನ್ನೊಂದು.
ನಡುವೆ ಜರೀನಾಳ ಸಣ್ಣ ಕೆಮ್ಮು.

ಬರೀ ಅಕ್ಷರದಲ್ಲೇ ಹೇಳೋಣ ಎಂದು ಕೂತೆ.
ತೊಟ್. ತೊಟ್. ತೊಳಕ್.
ಓದಿಕೊಂಡರೆ ನಗು ಬಂತು.
ರಾತ್ರಿ ಹನ್ನೊಂದಕ್ಕೆ ಔರಾದಕ್ಕೆ ಫೋನು ಹಚ್ಚಿ
ಕಂಪ್ಯೂಟರಿನ ಬಾಯಿಗೆ ಹಿಡಿದು ನಿಂತೆ.

ಮುಗಿಯಿತು. ಅವರು ಮಾತಾಡಲಿಲ್ಲ.
"ಇನ್ನೊಮ್ಮೆ ಹಚ್ಚು."
ಹಚ್ಚಿದೆ.
"ಆ ಹುಡುಗಿ ಕೆಮ್ಮೀದ ಮ್ಯಾಲ ಕೇಳು, ಜರಾ ತಡದು.
ದನಿ ಬ್ಯಾರೆ ಅದ. ಅದು ನಿಂತ ನೀರಲ್ಲೋ,
ಕೆಳಗ ಹರಿಯಲಕತ್ತದ."
ನನಗೆ ಕೇಳಿಸಲಿಲ್ಲ. ಹೌದು ಅಂದೆ.

ಕಾನೂನು ಬದಲಿಸಿಲ್ಲ.
ನಿನ್ನೆಯೂ ವೈಜಿನಾಥರಾಯರ ಕೊಳ ಬತ್ತಿಸಿದೆ,
ಈ ಸಲ ಅದರಲ್ಲಿ ಹಂಸವೂ ಇತ್ತು.
ಇವತ್ತು ಜರೀನಾಳದು ಮತ್ತೆ ಬಂದಿದೆ,
ಐದನೇ ಕಿಂಡಿ, ದೊಡ್ಡ ಗಂಟು.
ಕೋಟೆಯ ಮಣ್ಣು ಉಗುರಿನಿಂದ ಇನ್ನೂ ಹೋಗಿಲ್ಲ.
ಗುಂಡಿ ಒತ್ತುವ ಮೊದಲು
ಮಾಸ್ತರರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟೆ.