ಫಾರೊದಿಂದ ಸಾಗ್ರೆಸ್‌ಗೆ, ಒಬ್ಬರು

ಬುಕಿಂಗು ಬಂದದ್ದು ಲಕ್ಸೆಂಬರ್ಗಿನಿಂದ, ರಾತ್ರಿ ಹನ್ನೊಂದಕ್ಕೆ.
ಪ್ರಯಾಣಿಕರು ಒಬ್ಬರು. ಪೆಟ್ಟಿಗೆ ಒಂದು.
ಮಗುವಿನ ಸೀಟು ಬೇಡ, ಅಲೆಯಾಟದ ಹಲಗೆ ಇಲ್ಲ.
ವಿಶೇಷ ಸೂಚನೆ ಎಂಬಲ್ಲಿ ಮಾತ್ರ
ಜಾಗ ಸಾಲದೆ ಮಾತು ತುಂಡಾಗಿತ್ತು:
‘ಬಾಗಿಲ ತನಕ ಬಿಡಿ. ಒಳಗೆ ಹೋದದ್ದು ನೋಡಿಯೇ ಹೊರಡಿ.
ಬೇಡ ಅಂತಾರೆ, ಕೇಳಬೇಡಿ. ಅವರ ಮೊಣಕಾಲು’

ಅಷ್ಟೆ. ಮೊಣಕಾಲು ಏನಾಗಿತ್ತೋ.

ಹನ್ನೆರಡು ವರ್ಷದಿಂದ ಈ ಬಾಗಿಲೆದುರು ನಿಂತವಳು, ನಾನು ಜುಲ್ಮಿರಾ,
ನಾಲಗೆಗೆ ಹೊರಳದ ಹೆಸರುಗಳನ್ನೆಲ್ಲ
ದಪ್ಪಕ್ಷರದಲ್ಲಿ ಬರೆದು ಎದೆಗವಚಿಕೊಂಡವಳು.
ಕಡಲು ಇನ್ನೆಷ್ಟು ದೂರ ಎಂದು ಕೇಳುತ್ತಲೇ ಹೊರಬರುತ್ತಾರೆ,
ಬಿಸಿಲಿಗೆ ಮುಂಗಡ ಕೊಟ್ಟವರು.
ಇವತ್ತು ಬರೆದದ್ದು ಬೆಲ್ಮಿರೊ ಫುರ್ತಾದೊ.
ನಮ್ಮ ಬೀದಿಯ ಹೆಸರು. ಕೈ ತಡವರಿಸಲಿಲ್ಲ.

ಬಂದ. ಎಪ್ಪತ್ತು ದಾಟಿದ ಆಳು,
ಯಾರದೋ ಮದುವೆಗೆ ಹೊಲಿಸಿದ ಕೋಟು.
ಫಲಕ ನೋಡಿದ, ಅದರಲ್ಲಿ ತನ್ನನ್ನು ನೋಡಿದ,
ಸಾಲ ಕೊಟ್ಟವನು ಎದುರಾದ ಹಾಗೆ
ಮುಖ ತಿರುಗಿಸಿ ಸೀದಾ ಬಸ್ಸಿನ ಕಡೆ ನಡೆದ.

ಓಡಿ ಹಿಡಿದೆ. ಏದುಸಿರಲ್ಲಿ
ಕಂಪನಿ ಕಲಿಸಿದ ಪ್ರಶ್ನೆಯೇ ಬಾಯಿಗೆ ಬಂತು:
‘ಸಾಗ್ರೆಸ್ಸಿಗೆ ಇದು ಮೊದಲ ಸಲವೇ, ಸ್ವಾಮಿ?’
‘ಹೌದು,’ ಎಂದ, ‘ಹುಟ್ಟಿದ ಸಲ ಬಿಟ್ಟರೆ.’

ಹಿಂದಿನ ಬಾಗಿಲು ತೆರೆದರೆ ಮುಂದೆ ಕೂತ.
ನೀರಿನ ಬಾಟಲಿ ಕೊಟ್ಟರೆ ‘ಅತಿಥಿಗಳಿಗೆ ಇಡು’ ಎಂದ.
ಲಾಗೋಸ್ ದಾಟುವ ತನಕ ಮಾತಿಲ್ಲ,
ಆಮೇಲೆ ಬಾಡಿಗೆ ಎಷ್ಟು ಎಂದ.
ಮಗಳು ಕೊಟ್ಟಾಗಿದೆ ಎಂದೆ. ಎಷ್ಟು ಎಂದ. ಹೇಳಿದೆ.
ಕಿಟಕಿಯಾಚೆ ನೋಡುತ್ತ ತುಟಿಯಲ್ಲೇ ಲೆಕ್ಕ ಹಾಕಿದ:
‘ನಾಲ್ಕು ಕಿಲೋ ಪೆರ್ಸೆಬೆಸ್.’

ಬಂಡೆಗೆ ಕಚ್ಚಿ ಬೆಳೆಯುವ ಜೀವ ಅದು,
ಮುದುಕನ ಕಾಲ್ಬೆರಳ ಹಾಗೆ ಕರ್ರಗೆ, ಉಗುರು ಸಮೇತ.
ದೊಡ್ಡ ಊರಿನವರು ಉಪ್ಪುನೀರಲ್ಲಿ ಬೇಯಿಸಿ ಚೀಪುತ್ತಾರೆ.
ಹಗ್ಗ ಸೊಂಟಕ್ಕೆ, ಉಳಿ ಕೈಗೆ,
ಹೋದ ಅಲೆ ಮರಳುವುದರೊಳಗೆ ಕೆತ್ತಬೇಕು.
ಏಳನೆಯ ಅಲೆ ದೊಡ್ಡದು ಅನ್ನುವುದೆಲ್ಲ ಬುರುಡೆಯಂತೆ.
‘ದೊಡ್ಡದು ತನಗೆ ಬೇಕೆನಿಸಿದಾಗ ಬರುತ್ತೆ.’
ಮೊಣಕಾಲು ಹೋದದ್ದು ಹಾಗೋ ಎಂದು ನಾನು ಕೇಳಲಿಲ್ಲ.
ನಾಲ್ಕು ಕಿಲೋಗೆ ಎಷ್ಟು ಸಲ ಬೆನ್ನು ಕೊಡಬೇಕು ಅಲೆಗೆ,
ನನಗೆ ಲೆಕ್ಕ ಹತ್ತಲಿಲ್ಲ.

ಲಕ್ಸೆಂಬರ್ಗು ಹೇಗಿತ್ತು?
‘ಎಲ್ಲ ಚೆನ್ನಾಗಿದೆ. ಕೆರೆ ತೋರಿಸಿದಳು.
ಮಧ್ಯಾಹ್ನ ಹೋದೆವು, ಸಂಜೆಯೂ ಹೋದೆವು,
ನೀರು ಇಟ್ಟಲ್ಲೇ ಇತ್ತು.’

ವಿಲಾ ದೊ ಬಿಷ್ಪೊ ಕಳೆದ ಮೇಲೆ ಗಾಳಿಯ ಸೀಮೆ.
ಗಿಡಗಳೆಲ್ಲ ಒಂದೇ ಕಡೆ ಬಗ್ಗಿ ಬೆಳೆದಿವೆ,
ಯಾರೋ ಬೈದಾಗ ಬಗ್ಗಿಸಿದ ತಲೆ ಎತ್ತಲು ಮರೆತಂತೆ.
ಗಾಜು ಇಳಿಸಿದ. ಮೂಗು ಹೊರಗಿಟ್ಟ.
‘ಉತ್ತರದ್ದು. ನಾಳೆ ಯಾರೂ ಇಳಿಯಲ್ಲ,’ ಎಂದ,
ಅವನಿಲ್ಲದೆ ಹದಿನೈದು ದಿನ ಇಳಿದಿದ್ದರೇ ತಪ್ಪು ಎಂಬ ಹಾಗೆ.

ಊರಿನ ದೀಪ ಕಂಡದ್ದೇ ‘ಇಲ್ಲೇ ನಿಲ್ಲಿಸು.’
ಬಾಗಿಲ ತನಕ ಎಂದಿದ್ದಾರೆ ಮಗಳು, ಎಂದೆ.
‘ಮೆರ್ಸಿಡಿಸ್ಸಿನಿಂದ ಇಳಿದರೆ
ಕಾಫಿ ಅಂಗಡಿಯವರು ನಾನು ಸಾಯೋ ತನಕ ಆಡಿಕೊಳ್ತಾರೆ.
ಸತ್ತ ಮೇಲೂ. ಬೇರೆ ಕೆಲಸವಿಲ್ಲ ಅವಕ್ಕೆ.’
ಪೆಟ್ಟಿಗೆ ಇಳಿಸಲು ಬಿಡಲಿಲ್ಲ.
ಕಲ್ಲುಹಾಸಿನ ಮೇಲೆ ಅದರ ಚಕ್ರ ಗಡಗಡ ಎಂದಿತು,
ಊರಿನ ನಾಯಿಗಳಿಗೆಲ್ಲ ಸುದ್ದಿ ಮುಟ್ಟಿತು.

ಫೋನಿನಲ್ಲಿ ಎರಡೇ ಗುಂಡಿ: ತಲುಪಿದರು, ತಲುಪಲಿಲ್ಲ.
ಕುಂಟು ನಡಿಗೆಗೆ ಗುಂಡಿಯಿಲ್ಲ.
ಮೊದಲ ಗೇರಿನಲ್ಲೇ ಹಿಂದೆ ಹಿಂದೆ ಹೋದೆ,
ಕಾಣದ ಗುಂಡಿಗೆ ಕಾಲಿಟ್ಟಾನೆಂದು ದೀಪ ಹಾಕಿದೆ.
ಅದೇ ತಪ್ಪಾಯಿತು.
ಅವನ ನೆರಳು ಉದ್ದಕ್ಕೆ ಹಾಸಿ
ಅವನಿಗಿಂತ ಮುಂಚೆ ಹೋಗಿ
ಕಾಫಿ ಅಂಗಡಿಯ ಬಿಳಿ ಗೋಡೆ ಹತ್ತಿ ನಿಂತಿತು,
ಹಗ್ಗವಿಲ್ಲದೆ.

ಯಾರೋ ಕುರ್ಚಿ ಸರಿಸಿ ಕೂಗಿದ:
‘ಏನೋ ಬೆಲ್ಮಿರೊ, ಮೆರವಣಿಗೆಯಾ?’

ತಿರುಗದೆಯೇ ನನ್ನತ್ತ ಒಂದು ಕೈ ಎತ್ತಿದ.
ಹೋಗು ಎಂದೋ, ಬಾ ಎಂದೋ.
ಎಂಜಿನ್ ಆರಿಸದೆ ಕಾದೆ.